ಒಂದು ಕ್ವಿಂಟಾಲ್ ಭತ್ತಕ್ಕೆ ಅಕ್ಕಿ ಎಷ್ಟು?

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಪಕ್ಕದ ಮನೆಯ ಅಣ್ಣ ಎರಡು ಚೀಟಿ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಉಡುಪಿ ಜಿಲ್ಲೆಯ ಬ್ರಹ್ಮಾವರದ ಹತ್ತಿರ ನಮ್ಮಿಬ್ಬರ ಗದ್ದೆಗಳೂ ಅಕ್ಕಪಕ್ಕ. ಅವರು ಒಂದೇ ಗದ್ದೆಯ ಏಣೇಲು (ಮಳೆಗಾಲದ ಬೆಳೆ) ಭತ್ತವನ್ನು ಎರಡು ಪಾಲು ಮಾಡಿ, ಎರಡು ಮಿಲ್ಲಿಗೆ ಕುಚ್ಚಲಕ್ಕಿ ಮಾಡಿಸಲು ಕೊಟ್ಟಿದ್ದರು. ಒಂದು ಕಡೆ ಕ್ವಿಂಟಾಲಿಗೆ 67 ಕೆಜಿ ಅಕ್ಕಿ ಬಂದಿತ್ತು. ಇನ್ನೊಂದು ಕಡೆ 62.

"ಐದು ಕೆಜಿ ನುಂಗಿದ್ದಾರೆ ಮಾರಾಯ್ರೆ. ಬೇರೆ ಎಂತ ಹೇಳುದು?" ಅಂದರು.

ನಾನು ಒಂದೇ ಪ್ರಶ್ನೆ ಕೇಳಿದೆ. ಯಾವ ಭತ್ತವನ್ನು ಯಾವ ದಿನ ತೂಗಿಸಿದ್ದು? 62 ಬಂದ ಭತ್ತ ಕಟಾವು ಯಂತ್ರದಿಂದ ಇಳಿದ ಸಂಜೆಯೇ ಮಿಲ್ಲಿಗೆ ಹೋಗಿತ್ತು. 67 ಬಂದದ್ದು ನಾಲ್ಕು ದಿನ ಅಂಗಳದಲ್ಲಿ ಒಣಗಿದ ಮೇಲೆ ಹೋಗಿತ್ತು. ಯಾರೂ ಏನೂ ನುಂಗಿರಲಿಲ್ಲ. ಆ ಐದು ಕೆಜಿಯಲ್ಲಿ ಹೆಚ್ಚುಕಡಿಮೆ ಪೂರ್ತಿ ಬರೀ ನೀರಿನ ಲೆಕ್ಕ.

ಲೆಕ್ಕ ಹೀಗೆ. ಕೊಯ್ದ ಭತ್ತದಲ್ಲಿ ಸಾಮಾನ್ಯವಾಗಿ ಶೇ. 20ರಿಂದ 24ರಷ್ಟು ತೇವ ಇರುತ್ತದೆ. ಶೇ. 20 ಅಂತಲೇ ಇಟ್ಟುಕೊಳ್ಳೋಣ. 100 ಕೆಜಿಯಲ್ಲಿ 20 ಕೆಜಿ ನೀರು, 80 ಕೆಜಿ ಒಣ ಕಾಳು. ಒಣಗಿಸುವಾಗ ಹೋಗುವುದು ನೀರು ಮಾತ್ರ, ಆ 80 ಕೆಜಿ ಹಾಗೇ ಉಳಿಯುತ್ತದೆ. ತೇವ ಶೇ. 14ಕ್ಕೆ ಇಳಿದಾಗ ಅದೇ 80 ಕೆಜಿ ಒಟ್ಟು ತೂಕದ ಶೇ. 86 ಆಗಿರುತ್ತದೆ. 80ನ್ನು 0.86ರಿಂದ ಭಾಗಿಸಿದರೆ 93 ಕೆಜಿ. 20ರಲ್ಲಿ 14 ಕಳೆದು ಆರು ಕೆಜಿ ಹೋಯಿತು ಅಂತ ತುಂಬಾ ಜನ ಹೇಳುತ್ತಾರೆ. ನಿಜವಾಗಿ ಹೋಗುವುದು ಏಳು. ಈಗ ಒಣ ಭತ್ತಕ್ಕೆ ಶೇ. 67 ಅಕ್ಕಿ ಬರುತ್ತದೆ ಅಂದರೆ, 93 ಕೆಜಿಗೆ ಎಷ್ಟು? 62 ಕೆಜಿ ಚಿಲ್ಲರೆ. ಅಣ್ಣನ ಚೀಟಿಯಲ್ಲಿದ್ದದ್ದೂ ಅದೇ.

ಸರ್ಕಾರದ ಖರೀದಿ ಲೆಕ್ಕವೂ ಈ ಸುತ್ತಲೇ ಇದೆ. ಬೆಂಬಲ ಬೆಲೆಗೆ ಕೊಳ್ಳುವ ಭತ್ತದಲ್ಲಿ ತೇವ ಶೇ. 17 ದಾಟಬಾರದು. ಮಿಲ್ಲಿನವರು ವಾಪಸ್ ಕೊಡಬೇಕಾದ ಅಕ್ಕಿ ಕ್ವಿಂಟಾಲಿಗೆ ಬೆಳ್ತಿಗೆಯಾದರೆ (ಭತ್ತ ಬೇಯಿಸದೆ ಮಾಡುವ ಅಕ್ಕಿ) 67 ಕೆಜಿ, ಕುಚ್ಚಲಾದರೆ 68 ಕೆಜಿ. ಭತ್ತದ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಉಮಿ. ಅದರ ಮೇಲೆ ತೌಡು. ಉಳಿದದ್ದೇ ಅಕ್ಕಿ. ಹಾಗಾಗಿ ಕ್ವಿಂಟಾಲಿಗೆ 80 ಕೆಜಿ ಅಕ್ಕಿ ಬರುವ ಯಂತ್ರ ಎಲ್ಲೂ ಇಲ್ಲ.

ಕೃಷಿ ಎಂಜಿನಿಯರಿಂಗ್ ಓದುವವರು ಕಾಳಿನ ಭೌತಿಕ ಗುಣ, ಯಾಂತ್ರಿಕ ಗುಣ ಅಂತ ದೊಡ್ಡ ಪಟ್ಟಿ ಮಾಡುತ್ತಾರೆ. ಉದ್ದ, ಅಗಲ, ದಪ್ಪ, ಸಾಂದ್ರತೆ, ರಾಶಿಯ ಇಳಿಜಾರು, ಘರ್ಷಣೆ, ಒಡೆಯಲು ಬೇಕಾದ ಬಲ. ಪಟ್ಟಿ ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತದೆ. ಆದರೆ ಪ್ರತಿಯೊಂದರ ಹಿಂದೆಯೂ ನೀರು ಕೂತಿದೆ. ತೇವ ಬದಲಾದರೆ ಕಾಳು ಉಬ್ಬುತ್ತದೆ, ಮೆತ್ತಗಾಗುತ್ತದೆ, ಅಂಟುತ್ತದೆ, ಜಾರುವುದನ್ನು ನಿಲ್ಲಿಸುತ್ತದೆ. ಅದಕ್ಕೇ ನಾನು ಯಾರಿಗೇ ಆಗಲಿ ಮೊದಲು ತೇವದ ಬಗ್ಗೆಯೇ ಹೇಳುವುದು.

ನಮ್ಮ ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಕಷ್ಟ ಇದೆ. ಕಾಳು ಸುತ್ತಲಿನ ಗಾಳಿಯ ಜೊತೆ ಯಾವಾಗಲೂ ಕೊಡುಕೊಳ್ಳುವಿಕೆ ಮಾಡುತ್ತಲೇ ಇರುತ್ತದೆ. ಗಾಳಿಯಲ್ಲಿ ಶೇ. 70ರಷ್ಟು ಆರ್ದ್ರತೆ ಇದ್ದರೆ ಭತ್ತ ಶೇ. 14ರ ಹತ್ತಿರ ನಿಲ್ಲುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಮಂಗಳೂರಿನ ಗಾಳಿ 85, 90 ಮುಟ್ಟುತ್ತದೆ. ಆಗ ತೆರೆದಿಟ್ಟ ಭತ್ತ ನಿಧಾನವಾಗಿ 17ರ ಆಸುಪಾಸಿಗೆ ಏರುತ್ತದೆ. ಬೇಸಿಗೆಯಲ್ಲಿ ಎಷ್ಟೇ ಚೆನ್ನಾಗಿ ಒಣಗಿಸಿರಿ, ಜುಲೈಯಲ್ಲಿ ಅದು ಗಾಳಿಯಿಂದ ನೀರು ಕುಡಿಯುತ್ತದೆ. ಹಿಂದಿನವರು ಅಕ್ಕಿಗೆ ಬೈಹುಲ್ಲಿನ ಹಗ್ಗ ಸುತ್ತಿ ಬಿಗಿಯಾಗಿ ಮುಡಿ ಕಟ್ಟಿದ್ದು, ತೆಂಗಿನಕಾಯಿಯನ್ನು ಒಲೆಯ ಮೇಲಿನ ಅಟ್ಟಕ್ಕೆ ಹಾಕಿದ್ದು ಇದೇ ಕಾರಣಕ್ಕೆ.

ಮನೆಯಲ್ಲಿ ತೇವ ನೋಡಲು ಒಂದು ಸುಲಭ ದಾರಿ ಇದೆ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಎರಡು ಹಿಡಿ ಭತ್ತ, ಒಂದೆರಡು ಚಮಚ ಹುರಿದು ಆರಿಸಿದ ಪುಡಿ ಉಪ್ಪು ಹಾಕಿ ಮುಚ್ಚಿ. ಕೆಲವು ನಿಮಿಷ ಅಲ್ಲಾಡಿಸಿ, ಹತ್ತು ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ. 15ಕ್ಕಿಂತ ಜಾಸ್ತಿ ಇದೆ ಅಂತ ಲೆಕ್ಕ. ಅಂಟದಿದ್ದರೆ ಒಳಗೆ ತೆಗೆದಿಡಬಹುದು. ಮಿಲ್ಲುಗಳಲ್ಲಿರುವ ಮೀಟರ್ ಕಾಳಿನ ವಿದ್ಯುತ್ ಗುಣ ನೋಡಿ ತೇವ ಹೇಳುತ್ತದೆ. ಅದು ಬೇಗ. ಆದರೆ ಬಿಸಿಲಿನಿಂದ ಆಗಷ್ಟೇ ಎತ್ತಿದ ಬಿಸಿ ಭತ್ತವನ್ನು ಅದಕ್ಕೆ ಹಾಕಬೇಡಿ, ಅಂಕಿ ತಪ್ಪುತ್ತದೆ. ಸರಿಯಾದ ಪರೀಕ್ಷೆ ಅಂದರೆ ಲ್ಯಾಬಿನ ಓವನ್ನಿನಲ್ಲಿ ಪೂರ್ತಿ ಒಣಗಿಸಿ ಮೊದಲಿನ ತೂಕ, ಆಮೇಲಿನ ತೂಕ ನೋಡುವುದು. ಮೀಟರುಗಳನ್ನು ಹೊಂದಿಸುವುದೂ ಇದನ್ನು ನೋಡಿಯೇ.

ಈಗ ನುಚ್ಚಿನ ವಿಷಯ. ಇದು ನನ್ನ ಮನೆಯಲ್ಲೇ ಆದದ್ದು.

ಕೆಲವು ವರ್ಷಗಳ ಹಿಂದೆ ಬೆಳ್ತಿಗೆ ಅಕ್ಕಿಗೆ ಅಂತ ಭತ್ತವನ್ನು ಅಂಗಳದಲ್ಲಿ ಹರಡಿದ್ದೆವು. ಮೂರು ದಿನ ಒಳ್ಳೆಯ ಬಿಸಿಲು. ಹಲ್ಲಿನಲ್ಲಿ ಕಚ್ಚಿದರೆ ಟಕ್ ಅನ್ನುತ್ತಿತ್ತು. ಮೂರನೇ ದಿನ ಸಂಜೆ ಗುಡುಗಿನ ಮಳೆ ಬಂತು. ಟಾರ್ಪಾಲು ಎಳೆಯುವಷ್ಟರಲ್ಲಿ ಮೇಲಿನ ಪದರ ಒದ್ದೆಯಾಯಿತು. ಮರುದಿನ ಮತ್ತೆ ಒಣಗಿಸಿ ಮಿಲ್ಲಿಗೆ ಕೊಟ್ಟೆವು. ತೂಕ ಸರಿಯಾಗಿಯೇ ಬಂತು. ಆದರೆ ಮೂರನೇ ಒಂದು ಪಾಲು ನುಚ್ಚು. ಯಂತ್ರ ಸರಿಯಿಲ್ಲ ಅಂತ ಆ ಮಿಲ್ಲಿನವರ ಹತ್ತಿರ ಜಗಳವಾಡಿ ಬಂದೆ. ಆಮೇಲೆ ವಿಷಯ ಗೊತ್ತಾದಾಗ ಹೋಗಿ ಕ್ಷಮೆ ಕೇಳಿದೆ. ಅಕ್ಕಿ ಮಿಲ್ಲಿನಲ್ಲಿ ಒಡೆದದ್ದಲ್ಲ. ಅಂಗಳದಲ್ಲೇ ಬಿರುಕು ಬಿಟ್ಟಿತ್ತು. ಮಿಲ್ಲು ಆ ಬಿರುಕನ್ನು ಬೇರೆ ಮಾಡಿ ಕೊಟ್ಟಿತು, ಅಷ್ಟೇ.

ಒಣಗಿದ ಕಾಳಿನ ಮೇಲೆ ನೀರು ಬಿದ್ದರೆ ಹೊರಪದರ ಬೇಗ ಹೀರಿಕೊಂಡು ಉಬ್ಬುತ್ತದೆ. ಒಳಗಿನ ಭಾಗ ಇನ್ನೂ ಒಣಗಿಯೇ ಇರುತ್ತದೆ. ಹೊರಗೆ ಹಿಗ್ಗಿದ್ದು ಒಳಗಿನದನ್ನು ಎರಡೂ ಕಡೆಗೆ ಎಳೆಯುತ್ತದೆ. ಅಕ್ಕಿ ಒತ್ತಡವನ್ನು ತಡೆಯುತ್ತದೆ, ಎಳೆತವನ್ನು ಅಷ್ಟು ತಡೆಯುವುದಿಲ್ಲ. ಕಾಳಿನ ಅಡ್ಡಕ್ಕೆ ಕೂದಲೆಳೆಯಷ್ಟು ಸಣ್ಣ ಬಿರುಕು ಬೀಳುತ್ತದೆ. ಉಮಿಯ ಒಳಗೆ ಇರುವುದರಿಂದ ನಮಗೆ ಕಾಣುವುದಿಲ್ಲ. ಸುಲಿದು ಬೆಳಕಿಗೆ ಹಿಡಿದರೆ ಅಡ್ಡಗೆರೆ ಕಾಣುತ್ತದೆ. ಮಳೆಯೇ ಬೇಕಂತಿಲ್ಲ. ರಾತ್ರಿ ಹೊರಗೆ ಬಿಟ್ಟು ಇಬ್ಬನಿ ಬಿದ್ದರೂ ಸಾಕು. ಒಣ ಭತ್ತದ ಮೇಲೆ ಒದ್ದೆ ಭತ್ತ ಸುರಿದರೂ ಇದೇ ಕಥೆ. ಒಂದೇ ಸಮನೆ ಸುಡು ಬಿಸಿಲಲ್ಲಿ ಒಣಗಿಸಿದರೂ ಒಳಗೆ ಹೊರಗೆ ತೇವದ ವ್ಯತ್ಯಾಸ ಜಾಸ್ತಿಯಾಗಿ ಬಿರುಕು ಬರುತ್ತದೆ. ಆದ್ದರಿಂದ ಮಧ್ಯಾಹ್ನ ರಾಶಿ ಮಾಡಿ ಮುಚ್ಚಿ, ಒಳಗಿನ ನೀರು ಹೊರಪದರಕ್ಕೆ ಬರಲು ಸಮಯ ಕೊಟ್ಟು, ಮತ್ತೆ ಹರಡಬೇಕು. ನಮ್ಮಮ್ಮ ಹೀಗೇ ಮಾಡುತ್ತಿದ್ದರು. ಭತ್ತಕ್ಕೂ ಸ್ವಲ್ಪ ನೆರಳು ಬೇಕು ಅನ್ನುತ್ತಿದ್ದರು.

ಕುಚ್ಚಲಕ್ಕಿಯಲ್ಲಿ ನುಚ್ಚು ಯಾಕೆ ಅಷ್ಟು ಕಡಿಮೆ ಅಂತ ಈಗ ಹೇಳುವುದು ಸುಲಭ. ಭತ್ತವನ್ನು ನೆನೆಸಿದಾಗ ಕಾಳಿನ ತೇವ ಶೇ. 30ರ ಹತ್ತಿರ ಹೋಗುತ್ತದೆ. ಹಬೆ ಕೊಟ್ಟಾಗ ಒಳಗಿನ ಪಿಷ್ಟ ಬೆಂದು ಅಂಟಿನಂತಾಗುತ್ತದೆ. ಇದಕ್ಕೆ 70 ಡಿಗ್ರಿಯ ಆಸುಪಾಸಿನ ಬಿಸಿ ಬೇಕು. ಹಳೆಯ ಬಿರುಕುಗಳೆಲ್ಲ ಈ ಅಂಟಿನಲ್ಲಿ ಮುಚ್ಚಿಹೋಗುತ್ತವೆ. ಒಣಗಿದ ಮೇಲೆ ಕಾಳು ಗಾಜಿನ ಹಾಗೆ ಅರೆಪಾರದರ್ಶಕವಾಗಿ, ಗಟ್ಟಿಯಾಗಿ ನಿಲ್ಲುತ್ತದೆ. ಬೆಳ್ತಿಗೆ ಕಾಳನ್ನೂ ಕುಚ್ಚಲು ಕಾಳನ್ನೂ ಹಲ್ಲಿನಲ್ಲಿ ಒಡೆದು ನೋಡಿ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಲ್ಯಾಬಿನಲ್ಲಿ ಒಂದು ಕಾಳನ್ನು ಎರಡು ಲೋಹದ ತಟ್ಟೆಯ ಮಧ್ಯೆ ಇಟ್ಟು ನಿಧಾನವಾಗಿ ಒತ್ತಿ, ಯಾವ ಬಲಕ್ಕೆ ಒಡೆಯಿತು ಅಂತ ಬರೆದುಕೊಳ್ಳುತ್ತಾರೆ. ಹಲ್ಲು ಮಾಡುವುದೂ ಅದನ್ನೇ. ಮಳೆ ಇಷ್ಟು ಸುರಿಯುವ, ಕೊಯ್ಲಿನ ಹೊತ್ತಿಗೂ ಬಿಡದ ಊರಿನಲ್ಲಿ ಕುಚ್ಚಲಕ್ಕಿ ಬೇರೂರಿದ್ದು ಇದರಿಂದಲೂ ಇರಬೇಕು ಅಂತ ನನ್ನ ಅನಿಸಿಕೆ.

ಹಿಂದೆ ಭತ್ತವನ್ನು ತಣ್ಣೀರಿನಲ್ಲಿ ಒಂದೆರಡು ದಿನ ನೆನೆಸುತ್ತಿದ್ದರು. ಹುಳಿ ವಾಸನೆ ಬರುತ್ತಿತ್ತು. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ರೂಪಿಸಿದ ಬಿಸಿನೀರಿನ ವಿಧಾನದಲ್ಲಿ ಸುಮಾರು 70 ಡಿಗ್ರಿ ನೀರಿನಲ್ಲಿ ಮೂರು ನಾಲ್ಕು ಗಂಟೆ ನೆನೆಸಿದರೆ ಸಾಕು. ಬಿಸಿಯಲ್ಲಿ ನೀರು ಬೇಗ ಒಳಗೆ ಇಳಿಯುತ್ತದೆ, ಹುಳಿಯಲು ಸಮಯವೇ ಸಿಗುವುದಿಲ್ಲ. ಆದರೆ ಕುದಿಸಿದ ಭತ್ತವನ್ನು ಒಣಗಿಸುವಾಗಲೂ ಎಚ್ಚರ ಬೇಕು. ತೇವ ಶೇ. 16ರವರೆಗೆ ಇಳಿಯುವ ತನಕ ಬೇಗ ಒಣಗಿಸಬಹುದು, ಕಾಳು ಬಿರಿಯುವುದಿಲ್ಲ. ಅದರ ಕೆಳಗೆ ಹೋಗುವಾಗ ಬಿರುಕು ಶುರು. ಅಲ್ಲಿ ಕೆಲವು ಗಂಟೆ ನಿಲ್ಲಿಸಿ, ಆಮೇಲೆ 14ಕ್ಕೆ ತರಬೇಕು. ಒಳ್ಳೆಯ ಮಿಲ್ಲು ಯಾವುದು ಅಂತ ಕೇಳಿದರೆ, ಈ ನಡುವಿನ ವಿಶ್ರಾಂತಿ ಕೊಡುವ ಮಿಲ್ಲು ಅಂತ ನಾನು ಹೇಳುತ್ತೇನೆ.

ಇನ್ನು ಆಕಾರ, ಅಳತೆ. ಸಾಸಿವೆ ಹೆಚ್ಚುಕಡಿಮೆ ಗುಂಡು. ಭತ್ತ ಉದ್ದ. ಇದನ್ನೂ ಅಂಕಿಯಲ್ಲಿ ಹೇಳಬಹುದು. 9 ಮಿಲಿಮೀಟರ್ ಉದ್ದ, 3 ಅಗಲ, 2 ದಪ್ಪದ ಒಂದು ಭತ್ತ ಅಂದುಕೊಳ್ಳಿ. ಮೂರನ್ನೂ ಗುಣಿಸಿದರೆ 54. ಅದರ ಘನಮೂಲ ಸುಮಾರು 3.8. ಅದನ್ನು ಉದ್ದದಿಂದ ಭಾಗಿಸಿದರೆ 0.42. ಪೂರ್ತಿ ಗುಂಡಗಿನ ವಸ್ತುವಿಗೆ ಇದು 1, ಸಾಸಿವೆಗೆ 0.9ರ ಸುತ್ತ. ಈ ಅಂಕಿ ದೊಡ್ಡದಾದಷ್ಟೂ ಕಾಳು ಉರುಳುತ್ತದೆ, ಚಿಕ್ಕದಾದಷ್ಟೂ ಜಾರುತ್ತದೆ.

ಜರಡಿಯಲ್ಲಿ ಒಂದು ಸೊಗಸಾದ ವಿಷಯ ಇದೆ. ಗುಂಡಗಿನ ತೂತಿನ ಜರಡಿ ಕಾಳನ್ನು ಅಗಲದ ಮೇಲೆ ಬೇರೆ ಮಾಡುತ್ತದೆ. ಉದ್ದ ಸೀಳಿನ ತೂತು ದಪ್ಪದ ಮೇಲೆ ಬೇರೆ ಮಾಡುತ್ತದೆ. ಒಂದೇ ಅಳತೆ ಬರೆದಿದ್ದರೂ ಎರಡೂ ಬೇರೆ ಬೇರೆ ಕೆಲಸ. ಅಂಗಡಿಯಲ್ಲಿ ಸುಮ್ನೆ ಮಿಲಿಮೀಟರ್ ಮಾತ್ರ ಕೇಳಿ ಜರಡಿ ತರಬೇಡಿ. ಭತ್ತ ಸುಲಿಯುವ ರಬ್ಬರ್ ರೋಲಿನ ಯಂತ್ರವೂ ದಪ್ಪವನ್ನೇ ನಂಬಿಕೊಂಡಿದೆ. ಎರಡು ರೋಲುಗಳು ಬೇರೆ ಬೇರೆ ವೇಗದಲ್ಲಿ, ಎದುರುಬದುರಾಗಿ ತಿರುಗುತ್ತವೆ. ಮಧ್ಯದ ಸಂದಿ ಭತ್ತದ ದಪ್ಪಕ್ಕಿಂತ ಕಿರಿದು. ಒಂದು ರೋಲು ಕಾಳನ್ನು ಹಿಡಿದರೆ ಇನ್ನೊಂದು ಉಮಿಯನ್ನು ಜಗ್ಗಿ ತೆಗೆಯುತ್ತದೆ. ಹಳೆಯ ಕಬ್ಬಿಣದ ಹಲ್ಲರ್ ಹಾಗಲ್ಲ. ಅದು ಕಾಳುಗಳನ್ನೆಲ್ಲ ಒಟ್ಟಿಗೆ ಉಜ್ಜುತ್ತದೆ. ಬಿರುಕಿದ್ದ ಬೆಳ್ತಿಗೆ ಅಲ್ಲಿ ಉಳಿಯುವುದೇ ಇಲ್ಲ, ತೌಡು ಉಮಿ ನುಚ್ಚು ಎಲ್ಲ ಕಲಸಿ ಬರುತ್ತದೆ. ಕುಚ್ಚಲು ಗಟ್ಟಿ ಇರುವುದರಿಂದ ಹಲ್ಲರಿನಲ್ಲೂ ಬಚಾವಾಗುತ್ತದೆ. ತಳಿ ಬದಲಾದಾಗ ರೋಲಿನ ಸಂದಿ ಬದಲಿಸಬೇಕು. ದಪ್ಪ ಕಾಳಿಗೆ ಹೊಂದಿಸಿದ್ದನ್ನು ತೆಳು ಕಾಳಿಗೆ ಹಾಗೇ ಬಿಟ್ಟರೆ ಅರ್ಧ ಭತ್ತ ಸುಲಿಯದೆ ಹೊರಗೆ ಬರುತ್ತದೆ.

ಗೆರಸೆಯಲ್ಲಿ ಕೇರುವಾಗ, ಗಾಳಿಗೆ ತೂರುವಾಗ ನಡೆಯುವುದು ಗಾಳಿ ಮತ್ತು ತೂಕದ ಜಗ್ಗಾಟ. ಕೆಳಗಿನಿಂದ ಮೇಲಕ್ಕೆ ಗಾಳಿ ಊದಿದರೆ ಒಂದು ವೇಗದಲ್ಲಿ ಜೊಳ್ಳು ಮತ್ತು ಉಮಿ ತೇಲುತ್ತವೆ, ಗಟ್ಟಿ ಕಾಳು ಬೀಳುತ್ತದೆ. ಗಾಳಿಯ ವೇಗ ಈ ಎರಡರ ನಡುವೆ ಇರಬೇಕು, ಅಷ್ಟೇ. ಕಲ್ಲು ತೆಗೆಯುವುದು ಇನ್ನೂ ಸೂಕ್ಷ್ಮ. ಕಾಳಿನಷ್ಟೇ ಗಾತ್ರ ಇರುವ ಕಲ್ಲು ಜರಡಿಗೆ ಸಿಗುವುದಿಲ್ಲ. ಓರೆಯಾಗಿ ಅಲುಗುವ ತಟ್ಟೆಯ ಕೆಳಗಿನಿಂದ ಗಾಳಿ ಕೊಟ್ಟು, ಭಾರದ ವ್ಯತ್ಯಾಸದಲ್ಲಿ ಬೇರೆ ಮಾಡುತ್ತಾರೆ. ಕರಿಗಲ್ಲಾದರೆ ಕಾಳಿನ ಎರಡು ಪಟ್ಟು ಭಾರ, ಸುಲಭ. ನಮ್ಮ ಅಂಗಳದ ಮುರಕಲ್ಲಿನ (ಜಂಬಿಟ್ಟಿಗೆ) ಹರಳು ಅದಕ್ಕಿಂತ ಹಗುರ, ತೂತುತೂತು. ಅದಕ್ಕೇ ಅದು ಅನ್ನದವರೆಗೂ ಬಂದುಬಿಡುತ್ತದೆ. ಟಾರ್ಪಾಲು ಹಾಸುವುದು ಯಾವ ಯಂತ್ರಕ್ಕಿಂತಲೂ ಒಳ್ಳೆಯದು.

ನಮ್ಮಲ್ಲಿ 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಇದು ಜಾಗದ ಅಳತೆ, ತೂಕದ್ದಲ್ಲ. ಒಂದು ಲೀಟರ್ ಪಾತ್ರೆಗೆ ತಲೆ ಸವರಿ ಭತ್ತ ತುಂಬಿದರೆ ಸುಮಾರು 580 ಗ್ರಾಂ, ಅಕ್ಕಿ ತುಂಬಿದರೆ ಸುಮಾರು 800 ಗ್ರಾಂ ತೂಗುತ್ತದೆ. ಭತ್ತದ ಪಾತ್ರೆಯಲ್ಲಿ ಅರ್ಧದಷ್ಟು ಜಾಗ ಕಾಳುಗಳ ಮಧ್ಯದ ಗಾಳಿ. ಆ ಸಂದಿಗಳ ಮೂಲಕವೇ ಡ್ರೈಯರಿನ ಬಿಸಿಗಾಳಿ ಹಾದುಹೋಗಬೇಕು. ಜೊಳ್ಳು, ಹುಲ್ಲಿನ ಚೂರು ತುಂಬಿದ್ದರೆ ಗಾಳಿಗೆ ದಾರಿ ಮುಚ್ಚುತ್ತದೆ. ಒದ್ದೆ ಭತ್ತದ ರಾಶಿಗೆ ಕೈ ಹಾಕಿದರೆ ಬಿಸಿ ಅನ್ನಿಸುತ್ತದೆ ಅಲ್ವಾ? ಕಾಳು ಉಸಿರಾಡುತ್ತಿರುತ್ತದೆ, ಬೂಸ್ಟು ಬೆಳೆಯುತ್ತಿರುತ್ತದೆ, ಆ ಬಿಸಿ ಹೊರಹೋಗಲು ದಾರಿ ಇಲ್ಲ.

ಒಣ ಭತ್ತವನ್ನು ಮೇಲಿನಿಂದ ಸುರಿದರೆ ರಾಶಿಯ ಇಳಿಜಾರು 35 ಡಿಗ್ರಿಯ ಸುತ್ತ ನಿಲ್ಲುತ್ತದೆ. ಗೋಧಿಯದ್ದು ಇನ್ನೂ ಚಪ್ಪಟೆ. ತೇವ ಏರಿದಂತೆ ರಾಶಿ ಕಡಿದಾಗುತ್ತದೆ, ಕಾಳು ಕಾಳಿಗೆ ಅಂಟಿಕೊಂಡು ನಿಲ್ಲುತ್ತದೆ. ಮಿಲ್ಲಿನ ಹಾಪರಿನ (ಕಾಳು ಸುರಿಯುವ ದೊಡ್ಡ ಆಲಿಕೆ) ಓರೆ ಇದಕ್ಕಿಂತ ಜಾಸ್ತಿ ಇರಲೇಬೇಕು. ಒಣ ಭತ್ತಕ್ಕೆ 45 ಡಿಗ್ರಿ ಸಾಕಾದರೆ ಒದ್ದೆ ಭತ್ತಕ್ಕೆ 60 ಬೇಕು. ಇಲ್ಲದಿದ್ದರೆ ಬಾಯಿಯ ಮೇಲೆ ಕಾಳು ಕಮಾನು ಕಟ್ಟಿ ನಿಲ್ಲುತ್ತದೆ, ಕೆಲಸದವರು ಕೋಲು ಹಿಡಿದು ಬಡಿಯಬೇಕಾಗುತ್ತದೆ. ದಯವಿಟ್ಟು ಯಾರೂ ಕಾಳಿನ ಮೇಲೆ ಇಳಿದು ನಿಂತು ಬಿಡಿಸಲು ಹೋಗಬಾರದು. ಕಮಾನು ಕುಸಿದರೆ ಕಾಳು ಮನುಷ್ಯನನ್ನು ಒಳಗೆ ಎಳೆದುಕೊಳ್ಳುತ್ತದೆ.

ಕಾಳು ನೀರಿನ ಹಾಗೆ ಹರಿದರೂ ನೀರಿನ ಹಾಗೆ ಒತ್ತುವುದಿಲ್ಲ. ನೀರಿನ ಟ್ಯಾಂಕಿಯಲ್ಲಿ ಆಳಕ್ಕೆ ಹೋದಷ್ಟೂ ತಳದ ಒತ್ತಡ ಏರುತ್ತಲೇ ಹೋಗುತ್ತದೆ. ಎತ್ತರದ ಕಣಜದಲ್ಲಿ ಒಂದು ಆಳದ ನಂತರ ತಳದ ಒತ್ತಡ ಹೆಚ್ಚುಕಡಿಮೆ ಏರುವುದೇ ಇಲ್ಲ. ಉಜ್ಜುವಿಕೆಯಿಂದ ಗೋಡೆಯೇ ಕಾಳಿನ ಭಾರವನ್ನು ಹೊತ್ತುಕೊಳ್ಳುತ್ತದೆ. ಜರ್ಮನಿಯ ಯಾನ್ಸನ್ ಎಂಬ ಎಂಜಿನಿಯರ್ 1895ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಹಾಗಾಗಿ ಭತ್ತ ತುಂಬಿಡುವ ಮನೆಯ ಪತ್ತಾಯ ಇರಲಿ, ದೊಡ್ಡ ಉಕ್ಕಿನ ಸೈಲೋ ಇರಲಿ, ತಳಕ್ಕಿಂತ ಗೋಡೆಯ ಬಗ್ಗೆ ಯೋಚನೆ ಬೇಕು.

ಈಗ ಕೊಬ್ಬರಿ. ಇಲ್ಲಿ ಒಡೆಯಬಾರದು ಅನ್ನುವ ಮಾತಿಲ್ಲ, ಒಡೆಯಲೇಬೇಕು. ಎಣ್ಣೆ ಇರುವುದು ಕಣ್ಣಿಗೆ ಕಾಣದ ಸಣ್ಣ ಕೋಶಗಳ ಒಳಗೆ. ಆ ಗೋಡೆ ಹರಿದರೆ ಮಾತ್ರ ಎಣ್ಣೆ ಹೊರಗೆ ಬರುತ್ತದೆ. ಹಸಿ ಕಾಯಿಯ ತಿರುಳಿನಲ್ಲಿ ಸುಮಾರು ಅರ್ಧ ನೀರು. ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ ಶೇ. 6ರಷ್ಟು ನೀರು, ಶೇ. 65ರ ಹತ್ತಿರ ಎಣ್ಣೆ. ಕೊಬ್ಬರಿ ಶೇ. 12 ತೇವ ಇದ್ದಾಗ ತೂಗಿಸಿದರೆ ಅದೇ 100 ಕೆಜಿಯಲ್ಲಿ ಎಣ್ಣೆ ಇರುವುದೇ 61 ಕೆಜಿ. ನಾಲ್ಕು ಕೆಜಿ ತಕ್ಕಡಿಯಲ್ಲೇ ಹೋಯಿತು. ಅದಕ್ಕಿಂತ ದೊಡ್ಡ ನಷ್ಟ ಎಕ್ಸ್‌ಪೆಲ್ಲರಿನ ಒಳಗೆ ಆಗುತ್ತದೆ.

ಎಕ್ಸ್‌ಪೆಲ್ಲರ್ ಅಂದರೆ ಕಬ್ಬಿಣದ ಕೊಳವೆಯೊಳಗೆ ತಿರುಗುವ ತಿರುಪು. ಅದು ಕೊಬ್ಬರಿಯನ್ನು ಮುಂದೆ ಮುಂದೆ ತಳ್ಳಿ ಕಿರಿದಾದ ಬಾಯಿಗೆ ಒತ್ತುತ್ತದೆ. ಒತ್ತಡ ಹುಟ್ಟಬೇಕಾದರೆ ಕೊಬ್ಬರಿ ಕೊಳವೆಯ ಗೋಡೆಯನ್ನು ಹಿಡಿದುಕೊಳ್ಳಬೇಕು. ಒದ್ದೆ ಕೊಬ್ಬರಿ ಮೆತ್ತಗೆ, ಜಾರುತ್ತದೆ. ತಿರುಪಿನ ಜೊತೆಗೇ ಸುತ್ತುತ್ತದೆ, ಕೋಶ ಹರಿಯದೆ ಹಿಸುಕಿಹೋಗುತ್ತದೆ. ಎಣ್ಣೆ ಮಡ್ಡಿಮಡ್ಡಿ, ಹಿಂಡಿ ಹಿಟ್ಟಿನ ಮುದ್ದೆ. ತೀರಾ ಒಣಗಿದ್ದರೂ ತೊಂದರೆ. ಪುಡಿಪುಡಿಯಾಗಿ ಒಂದಕ್ಕೊಂದು ಕೂಡುವುದಿಲ್ಲ, ಯಂತ್ರ ಕಾಯುತ್ತದೆ, ಎಣ್ಣೆಯ ಬಣ್ಣ ಕಪ್ಪಾಗುತ್ತದೆ. ಸಿಪ್ಪೆ ಸುಲಿದ ನೆಲಗಡಲೆ ಹೀಗೆ ಜಾರುತ್ತದೆ ಅಂತಲೇ ಕೆಲವರು ಅದಕ್ಕೆ ಸ್ವಲ್ಪ ಸಿಪ್ಪೆ ಬೆರೆಸಿ ಅರೆಸುತ್ತಾರೆ. ನಾರು ಹಿಡಿತ ಕೊಡುತ್ತದೆ. ಮರದ ಗಾಣದಲ್ಲಿ ಎಳ್ಳಿಗೆ ನೀರು ಚಿಮುಕಿಸುವುದು ಕಲಬೆರಕೆ ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಆ ನೀರು ಹಿಂಡಿಯನ್ನು ಒಟ್ಟುಗೂಡಿಸಿ ಎಣ್ಣೆಗೆ ದಾರಿ ಬಿಡುತ್ತದೆ.

ಕೊಬ್ಬರಿ ಒಣಗಿದೆಯಾ ಅಂತ ನೋಡಲು ಒಂದು ಚೂರನ್ನು ಬಗ್ಗಿಸಿ. ಬಗ್ಗಿದರೆ ಇನ್ನೂ ಬಿಸಿಲು ಬೇಕು. ಟಕ್ಕನೆ ಮುರಿದರೆ ಸರಿ. ದಪ್ಪವಿರುವ ಚೂರನ್ನೇ ಆರಿಸಿ, ತೆಳುವಾದದ್ದು ಮೊದಲೇ ಒಣಗಿರುತ್ತದೆ. ಹಸಿರು, ಹಳದಿ ಬೂಸ್ಟು ಹಿಡಿದದ್ದನ್ನು ಒರೆಸಿ ಸೇರಿಸಬೇಡಿ, ಎಸೆಯಿರಿ. ಆ ಬೂಸ್ಟಿನ ವಿಷ ಒರೆಸಿದರೆ ಹೋಗುವಂಥದ್ದಲ್ಲ. ಹಿಂಡಿಯಲ್ಲಿ ಉಳಿದರೆ ದನದ ಹೊಟ್ಟೆಗೆ, ಅಲ್ಲಿಂದ ಹಾಲಿಗೆ ಬರುತ್ತದೆ.

ಮಂಗಳೂರಿನ ಗೇರುಬೀಜದ ಕಾರ್ಖಾನೆಗಳಲ್ಲಿ ಇದೇ ಪಾಠವನ್ನು ಇನ್ನೂ ನಾಜೂಕಾಗಿ ಮಾಡುತ್ತಾರೆ. ಬೀಜಕ್ಕೆ ಹಬೆ ಕೊಟ್ಟು ಆರಿಸಿದರೆ ಹೊರಚಿಪ್ಪು ಗಡುಸಾಗಿ ಸುಲಭವಾಗಿ ಒಡೆಯುತ್ತದೆ, ತಿರುಳು ಚಿಪ್ಪಿನಿಂದ ಬಿಡುತ್ತದೆ. ತಿರುಳನ್ನು ಮತ್ತೆ ಬಿಸಿಗಾಳಿಯಲ್ಲಿ ಒಣಗಿಸಿದಾಗ ಕೆಂಪು ಸಿಪ್ಪೆ ಸಡಿಲವಾಗುತ್ತದೆ. ಸಿಪ್ಪೆ ತೆಗೆದ ಮೇಲೆ ತಿರುಳಿಗೆ ಬೇಕೆಂದೇ ಸ್ವಲ್ಪ ತೇವ ವಾಪಸ್ ಕೊಡುತ್ತಾರೆ, ಡಬ್ಬಿ ತುಂಬುವಾಗ ಮುರಿಯದಿರಲಿ ಅಂತ.

ಪಕ್ಕದ ಮನೆಯ ಅಣ್ಣ ಈ ಸಲ ಎರಡೂ ಪಾಲನ್ನು ಒಟ್ಟಿಗೆ ಒಣಗಿಸಿ, ಉಪ್ಪಿನ ಬಾಟಲಿ ಅಲ್ಲಾಡಿಸಿ ನೋಡಿ, ಒಂದೇ ದಿನ ತೂಗಿಸಿ ಅದೇ ಎರಡು ಮಿಲ್ಲಿಗೆ ಕೊಟ್ಟಿದ್ದಾರೆ. ಚೀಟಿ ಮುಂದಿನ ವಾರ ಬರುತ್ತದೆ.